ಮನೆಯಲ್ಲೇ ಕಟ್ಟಿದ ಕ್ರಿಸ್ಟಲ್ ಫಿಲ್ಟರ್ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ

ಹೈದರಾಬಾದಿನ ಹ್ಯಾಮ್ (ಹವ್ಯಾಸಿ ರೇಡಿಯೋಗಾರ) ಅಶ್ಹರ್ ಫರ್ಹಾನ್, ಕರೆ ಸಂಕೇತ ವಿಯು2ಇಎಸ್‌ಇ, ರೂಪಿಸಿದ ಬಿಟ್‌ಎಕ್ಸ್ ಮಾದರಿಯ ರಿಗ್ (ಕಳಿಸುವ-ಕೇಳುವ ರೇಡಿಯೋ) ಕಟ್ಟುವಾಗಲೇ ಎಷ್ಟೋ ಮಂದಿ ಕ್ರಿಸ್ಟಲ್ ಫಿಲ್ಟರಿಗೆ, ಅಂದರೆ ಬೇಕಾದ ಕಿರಿದಾದ ಫ್ರೀಕ್ವೆನ್ಸಿ ಪಟ್ಟಿಯನ್ನಷ್ಟೇ ಹಾಯಲು ಬಿಟ್ಟು ಉಳಿದದ್ದನ್ನು ತಡೆಯುವ ಭಾಗಕ್ಕೆ, ಮೊದಲ ಸಲ ಕೈ ಹಾಕುವುದು. ಒಂದೇ ಫ್ರೀಕ್ವೆನ್ಸಿಯ ನಾಲ್ಕು ಕ್ರಿಸ್ಟಲ್ ಸಾಲಾಗಿ, ನಡುನಡುವೆ ನೆಲಕ್ಕೆ (ಗ್ರೌಂಡಿಗೆ) ಕೆಪಾಸಿಟರ್. ಚಿತ್ರದಲ್ಲಿ ನೋಡಿದರೆ ಇಷ್ಟೇ. ಕಟ್ಟಿ ಮುಗಿಸಿ ಕಿವಿಗೆ ಹೆಡ್‌ಫೋನ್ ಹಾಕಿದಾಗ ಮಾತು ಮೂಗಿನಿಂದ ಬಂದಂತಿರುತ್ತದೆ, ಇಲ್ಲವೇ ಎರಡೂ ಸೈಡ್‌ಬ್ಯಾಂಡ್ (ಕ್ಯಾರಿಯರಿನ ಮೇಲೆ ಕೆಳಗೆ ಇರುವ ಮಾತಿನ ಎರಡು ಪ್ರತಿ) ಒಟ್ಟಿಗೆ ಕೇಳುತ್ತದೆ, ಇಲ್ಲವೇ ಏನೂ ಕೇಳುವುದಿಲ್ಲ. ಕೂಡಲೇ ಕ್ರಿಸ್ಟಲ್‌ಗಳನ್ನು ಕಿತ್ತು ಹೊಸದು ಹಾಕಲು ಹೊರಡಬೇಡಿ. ಹಾಳಾದ ಕ್ರಿಸ್ಟಲ್ ಸಿಗುವುದು ಅಪರೂಪ. ತಪ್ಪು ಹೆಚ್ಚಾಗಿ ಅದರ ಸುತ್ತಲಲ್ಲಿರುತ್ತದೆ: ಎರಡು ತುದಿಯ ಟರ್ಮಿನೇಶನ್ (ಅಲ್ಲಿ ಫಿಲ್ಟರಿಗೆ ಕಾಣುವ ಓಮ್), ಕೆಪಾಸಿಟರ್ ಬೆಲೆ (ಎಷ್ಟು ಪಿಎಫ್, ಅಂದರೆ ಪಿಕೊಫ್ಯಾರಡ್, ಎಂಬುದು), ಕ್ರಿಸ್ಟಲಿನ ಲೋಹದ ಡಬ್ಬಿಯ ಅರ್ಥಿಂಗ್, ಬಿಎಫ್‌ಓ (ಮಾತನ್ನು ಮರಳಿ ಪಡೆಯಲು ಬೆರೆಸುವ ಆಸಿಲೇಟರ್) ಕುಳಿತ ಜಾಗ. ಬಿಸಿ ಮಾಡಿ ಕಿತ್ತು ಮತ್ತೆ ಬೆಸೆದ ಕ್ರಿಸ್ಟಲ್ ಮೊದಲಿನ ಫ್ರೀಕ್ವೆನ್ಸಿಯಲ್ಲೇ ಇರುತ್ತದೆ ಎನ್ನುವ ಖಾತ್ರಿಯೂ ಇಲ್ಲ. ಹಾಗಾಗಿ ಕ್ರಿಸ್ಟಲ್ ಕೊನೆಗೆ.

ಕೆಳಗಿನ ಎಲ್ಲಾ ಲೆಕ್ಕ 10 ಮೆಗಾಹರ್ಟ್ಜ್‌ನ ಎಚ್‌ಸಿ-49/ಯು (ಎತ್ತರದ ಡಬ್ಬಿಯ) ಕ್ರಿಸ್ಟಲ್ ನಾಲ್ಕು ಹಾಕಿ, ಒಂದೇ ಬೆಲೆಯ ಕೆಪಾಸಿಟರ್‌ಗಳಿಂದ ಕಟ್ಟಿದ ಕೋನ್ ಫಿಲ್ಟರಿಗೆ, ಪಾಸ್‌ಬ್ಯಾಂಡಿನ (ಹಾಯಲು ಬಿಡುವ ಪಟ್ಟಿಯ) ಅಗಲ 2.4 ಕಿಲೋಹರ್ಟ್ಜ್ ಎಂದು ಹಿಡಿದು. ಬೇರೆ ಫ್ರೀಕ್ವೆನ್ಸಿಯದ್ದಾದರೆ ಸಂಖ್ಯೆ ಬದಲಾಗುತ್ತದೆ, ಹುಡುಕುವ ಕ್ರಮ ಅದೇ.

ಸರಿಯಿದ್ದರೆ ಹೇಗಿರಬೇಕು

ಸರಿಯಾದದ್ದು ಹೇಗಿರುತ್ತದೆಂದು ತಿಳಿಯದೆ ತಪ್ಪು ಹಿಡಿಯಲು ಬರುವುದಿಲ್ಲ. ಇಂಥ ಕ್ರಿಸ್ಟಲಿನ ಒಳಗಿನ ಮೋಷನಲ್ ಕೆಪಾಸಿಟನ್ಸ್ (ಬಿಲ್ಲೆಯ ಕಂಪನವೇ ಕೆಪಾಸಿಟರಿನಂತೆ ವರ್ತಿಸುವ ಬೆಲೆ) ಸುಮಾರು 0.012 ಪಿಎಫ್, ಮೋಷನಲ್ ಇಂಡಕ್ಟನ್ಸ್ ಸುಮಾರು 20 ಮಿಲಿಹೆನ್ರಿ, ಸರಣಿ ರೆಸಿಸ್ಟನ್ಸ್ 10 ಓಮ್ ಆಸುಪಾಸು, ಕಾಲಿನಿಂದ ಕಾಲಿಗೆ ಇರುವ ಕೆಪಾಸಿಟನ್ಸ್ 3ರಿಂದ 4 ಪಿಎಫ್. ಕುಳ್ಳಗಿನ ಎಚ್‌ಸಿ-49/ಎಸ್ ಆದರೆ ಇಂಡಕ್ಟನ್ಸ್ ಮತ್ತು ರೆಸಿಸ್ಟನ್ಸ್ ಎರಡೂ ಹೆಚ್ಚಿರುತ್ತವೆ. ಫಿಲ್ಟರ್ ಆಗುತ್ತದೆ, ಆದರೆ ಎತ್ತರದ ಡಬ್ಬಿಯದ್ದೇ ಒಳ್ಳೆಯದು.

ನಡುವಿನ ಕಪ್ಲಿಂಗ್ ಕೆಪಾಸಿಟರಿನ ಬೆಲೆ ಕಂಡುಹಿಡಿಯಲು ಮೋಷನಲ್ ಕೆಪಾಸಿಟನ್ಸನ್ನು ಫ್ರೀಕ್ವೆನ್ಸಿಯಿಂದ ಗುಣಿಸಿ, ಬೇಕಾದ ಅಗಲದಿಂದ ಭಾಗಿಸಿ, ಮತ್ತೆ 0.707ರಿಂದ ಭಾಗಿಸಿ. 0.0123 ಪಿಎಫ್ ಇದ್ದರೆ ಸುಮಾರು 73 ಪಿಎಫ್ ಬರುತ್ತದೆ. 68ಕ್ಕೆ 4.7 ಸೇರಿಸಿದರೆ ಅದು ಸಿಕ್ಕಿತು. ತುದಿಯಲ್ಲಿ ಕೊಡಬೇಕಾದ ಟರ್ಮಿನೇಶನ್ ಆ ಕೆಪಾಸಿಟರ್‌ನ ರಿಯಾಕ್ಟನ್ಸಿನಷ್ಟೇ, ಅಂದರೆ 200 ಓಮ್‌ಗಿಂತ ತುಸು ಹೆಚ್ಚು. ಬಿಟ್‌ಎಕ್ಸ್ ಮಾದರಿಯ 200 ಓಮ್ ಲೆಕ್ಕಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಹೀಗೆ ಕಟ್ಟಿದ ಫಿಲ್ಟರಿನಲ್ಲಿ ನಷ್ಟ 1ರಿಂದ 2 ಡಿಬಿ (ಡೆಸಿಬೆಲ್). ಮಧ್ಯದಿಂದ 5 ಕಿಲೋಹರ್ಟ್ಜ್ ಆಚೆ 45ರಿಂದ 50 ಡಿಬಿಯಷ್ಟು ಇಳಿತ. ಪಾಸ್‌ಬ್ಯಾಂಡ್ ಮಧ್ಯ ಕ್ರಿಸ್ಟಲ್‌ಗಳ ಸರಣಿ ರೆಸೊನನ್ಸಿಗಿಂತ (ಕ್ರಿಸ್ಟಲ್ ಒಂಟಿಯಾಗಿ ಸಿಗ್ನಲನ್ನು ಅತಿ ಸುಲಭವಾಗಿ ಬಿಡುವ ಫ್ರೀಕ್ವೆನ್ಸಿಗಿಂತ) ಸುಮಾರು 1.7 ಕಿಲೋಹರ್ಟ್ಜ್ ಮೇಲೆ. ಡಬ್ಬಿಯ ಮೇಲೆ 10.000 ಎಂದು ಬರೆದದ್ದು 20 ಅಥವಾ 30 ಪಿಎಫ್ ಲೋಡ್ ಕೊಟ್ಟಾಗಿನ ಫ್ರೀಕ್ವೆನ್ಸಿ. ಸರಣಿ ರೆಸೊನನ್ಸ್ ಅದಕ್ಕಿಂತ ಎರಡು ಮೂರು ಕಿಲೋಹರ್ಟ್ಜ್ ಕೆಳಗಿರುತ್ತದೆ. ಹಾಗಾಗಿ ಫಿಲ್ಟರಿನ ಮಧ್ಯ 9.999 ಮೆಗಾಹರ್ಟ್ಜ್ ಸುತ್ತಮುತ್ತ ಬಂದರೆ ಅದು ದೋಷವಲ್ಲ. ಗ್ರಾಫಿನ ಬಲಬದಿಯ (ಮೇಲಿನ ಫ್ರೀಕ್ವೆನ್ಸಿಯ) ಇಳಿಜಾರು ಕಡಿದಾಗಿ, ಎಡಬದಿಯದ್ದು ತುಸು ಮೆಲ್ಲಗೆ ಇಳಿಯುವುದೂ ದೋಷವಲ್ಲ, ಈ ಜಾತಿಯ ಫಿಲ್ಟರಿನ ಗುಣವೇ ಅದು.

ಮೊದಲು ಅಳತೆಯನ್ನೇ ಅನುಮಾನಿಸಿ

ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಹಾಯುತ್ತದೆಂದು ಗ್ರಾಫ್ ತೋರಿಸುವ ಪುಟ್ಟ ಉಪಕರಣ ನ್ಯಾನೋವಿಎನ್‌ಎ ಈಗ ಎಷ್ಟೋ ಮಂದಿಯ ಮೇಜಿನ ಮೇಲಿದೆ. ಅದರ ಎರಡೂ ಪೋರ್ಟ್ 50 ಓಮ್. 200 ಓಮ್ ಫಿಲ್ಟರನ್ನು ನೇರವಾಗಿ ಅದಕ್ಕೆ ತಾಗಿಸಿದರೆ ಪರದೆಯ ಮೇಲೆ ಒಂಟೆಯ ಬೆನ್ನು ಕಾಣುತ್ತದೆ: ಎರಡು ಮೂರು ಚೂಪು ಗುಡ್ಡ, ನಡುವೆ ಹೊಂಡ. ಟರ್ಮಿನೇಶನ್ ಕಡಿಮೆಯಾದರೆ ಹೀಗೆ ಗುಡ್ಡ ಏಳುತ್ತದೆ, ಹೆಚ್ಚಾದರೆ ತಲೆ ಬೋಳಾಗಿ, ಅಂಚು ಜಾರಿ, ನಷ್ಟ ಹೆಚ್ಚುತ್ತದೆ. ಈ ಎರಡು ಆಕಾರ ಕಣ್ಣಿಗೆ ಕೂತರೆ ಅರ್ಧ ರೋಗಗಳ ಹೆಸರು ಅಲ್ಲೇ ಗೊತ್ತಾಗುತ್ತದೆ.

ಅಳೆಯಲು ಸುಲಭದ ಜಿಗ್ (ಅಳತೆಯ ಜೋಡಣೆ) ಹೀಗೆ ಮಾಡಿ. ಫಿಲ್ಟರಿನ ಪ್ರತಿ ತುದಿಗೂ 150 ಓಮ್‌ನ ಒಂದು ರೆಸಿಸ್ಟರ್ ಸರಣಿಯಲ್ಲಿ ಹಾಕಿ. ಆಗ ಫಿಲ್ಟರಿಗೆ ಎರಡೂ ಕಡೆ 50ಕ್ಕೆ 150 ಸೇರಿ 200 ಓಮ್ ಕಾಣುತ್ತದೆ. ಫಿಲ್ಟರ್ ಇಡುವ ಮೊದಲು ಅದರ ಜಾಗದಲ್ಲಿ ಒಂದು ತುಂಡು ತಂತಿ ಬೆಸೆದು ನೋಡಿ: ಸರಿಯಾಗಿ 12 ಡಿಬಿ ಇಳಿತ ಬರಬೇಕು. ಬರದಿದ್ದರೆ ತಪ್ಪು ಜಿಗ್‌ನಲ್ಲಿ ಅಥವಾ ಕ್ಯಾಲಿಬ್ರೇಶನ್‌ನಲ್ಲಿದೆ, ಮುಂದೆ ಹೋಗಬೇಡಿ. ಬಂದರೆ ತಂತಿ ತೆಗೆದು ಫಿಲ್ಟರ್ ಇಡಿ. 12ರ ಮೇಲೆ ಎಷ್ಟು ಹೆಚ್ಚುವರಿ ಇಳಿತ ಕಾಣುತ್ತದೋ ಅದೇ ಫಿಲ್ಟರಿನ ನಿಜವಾದ ನಷ್ಟ. ಉಪಕರಣಕ್ಕೆ ಸುಮಾರು 70 ಡಿಬಿ ನೋಡುವ ಶಕ್ತಿಯಿದ್ದರೆ ಈ ಜಿಗ್ ಅದರಲ್ಲಿ 12 ತಿಂದುಬಿಡುತ್ತದೆ. ಆದ್ದರಿಂದ ಪಾಸ್‌ಬ್ಯಾಂಡಿಗಿಂತ ಸುಮಾರು 58 ಡಿಬಿ ಕೆಳಗೆ ಕಾಣುವ ಚಪ್ಪಟೆ ನೆಲ ಫಿಲ್ಟರಿನದ್ದಲ್ಲ, ಉಪಕರಣದ್ದು.

ಸ್ಪ್ಯಾನ್ (ಉಪಕರಣ ಒಮ್ಮೆಗೆ ನೋಡುವ ಫ್ರೀಕ್ವೆನ್ಸಿಯ ಹರವು) ಕಿರಿದಾಗಿರಲಿ. 101 ಬಿಂದುಗಳ ಉಪಕರಣದಲ್ಲಿ 10 ಕಿಲೋಹರ್ಟ್ಜ್ ಸ್ಪ್ಯಾನ್ ಇಟ್ಟರೆ ಬಿಂದುವಿಗೆ 100 ಹರ್ಟ್ಜ್. 1 ಮೆಗಾಹರ್ಟ್ಜ್ ಸ್ಪ್ಯಾನ್ ಇಟ್ಟರೆ ಬಿಂದುವಿಗೆ 10 ಕಿಲೋಹರ್ಟ್ಜ್. ಫಿಲ್ಟರ್ ಪೂರ್ತಿ ಎರಡು ಬಿಂದುಗಳ ನಡುವೆ ಅಡಗಿ ಹೋಗಿ, ಸತ್ತಂತೆ ಕಾಣುತ್ತದೆ. ಸ್ಪ್ಯಾನ್ ಬದಲಿಸಿದ ಮೇಲೆ ಮತ್ತೊಮ್ಮೆ ಕ್ಯಾಲಿಬ್ರೇಟ್ ಮಾಡಿ. ಸಿಡಬ್ಲ್ಯೂಗೆಂದು (ಮೋರ್ಸ್ ಸಂಕೇತಕ್ಕೆಂದು) ಕಟ್ಟಿದ ಕಿರಿದಾದ ಫಿಲ್ಟರಿನಲ್ಲಿ ಗ್ರಾಫ್ ಒಂದು ಬದಿಗೆ ವಾಲಿದಂತೆ ಕಂಡರೆ ಸ್ವೀಪ್ ನಿಧಾನ ಮಾಡಿ ನೋಡಿ. ಕ್ರಿಸ್ಟಲ್ ಗಂಟೆಯಂತೆ, ಬಾರಿಸಿದ ಮೇಲೂ ಕ್ಷಣಕಾಲ ಅನುರಣಿಸುತ್ತಿರುತ್ತದೆ. ಅದು ನಿಲ್ಲುವ ಮೊದಲೇ ಮುಂದಿನ ಬಿಂದುವಿಗೆ ಹೋದರೆ ಸುಳ್ಳು ಆಕಾರ ಬರುತ್ತದೆ.

ಇನ್ನೊಂದು ಎಚ್ಚರ. ಆಸಿಲೋಸ್ಕೋಪಿನ ಹತ್ತುಪಟ್ಟು ಪ್ರೋಬನ್ನು ಫಿಲ್ಟರಿನ ನಡುವಿನ ಜಾಯಿಂಟ್‌ಗೆ ತಾಗಿಸಿದರೆ 12ರಿಂದ 15 ಪಿಎಫ್ ಅಲ್ಲಿಗೆ ಸೇರಿತು. 73 ಇರಬೇಕಾದಲ್ಲಿ 87 ಆಯಿತು, ನೀವು ನೋಡುತ್ತಿರುವುದು ಬೇರೆಯೇ ಫಿಲ್ಟರ್. ನಡುವೆ ನೋಡಲೇಬೇಕಾದರೆ 1 ಪಿಎಫ್ ಕೆಪಾಸಿಟರ್ ಮೂಲಕ ನೋಡಿ. ಮಟ್ಟ ತೀರಾ ಕಡಿಮೆ ಕಾಣುತ್ತದೆ, ಆದರೆ ಹೋಲಿಸಿ ನೋಡಲು ಸಾಕು.

ಉಪಕರಣ ಇಲ್ಲದವರು ಆಂಟೆನಾ ಹಾಕಿ, 40 ಮೀಟರ್ ಬ್ಯಾಂಡಿನಲ್ಲಿ ಖಾಲಿ ಜಾಗಕ್ಕೆ ಟ್ಯೂನ್ ಮಾಡಿ, ಬರುವ ಗದ್ದಲವನ್ನು ಮೊಬೈಲಿನ ಆಡಿಯೋ ಸ್ಪೆಕ್ಟ್ರಂ ಆ್ಯಪ್‌ನಲ್ಲಿ ನೋಡಿ. 300ರಿಂದ 2700 ಹರ್ಟ್ಜ್‌ವರೆಗೆ ಹೆಚ್ಚು ಕಡಿಮೆ ಸಮತಟ್ಟಾಗಿ ಕಂಡರೆ ಫಿಲ್ಟರ್ ಬದುಕಿದೆ. ಡಿಬಿ ಲೆಕ್ಕ ಸಿಗುವುದಿಲ್ಲ, ಆಕಾರ ಸಿಗುತ್ತದೆ.

ಏನೂ ಬರುವುದಿಲ್ಲ

ಇದು ಎಲ್ಲಕ್ಕಿಂತ ಸುಲಭದ್ದು. ಕರೆಂಟ್ ಆರಿಸಿ ಮಲ್ಟಿಮೀಟರನ್ನು ಬೀಪ್‌ಗೆ ಇಡಿ. ಫಿಲ್ಟರಿನ ಎರಡು ತುದಿ ಸರ್ಕ್ಯೂಟಿನಿಂದ ಬಿಡಿಸಿರಲಿ. ಪ್ರತಿ ಜಾಯಿಂಟ್‌ನಿಂದ ನೆಲಕ್ಕೆ ಬೀಪ್ ಬರಬಾರದು. ಪ್ರತಿ ಕ್ರಿಸ್ಟಲಿನ ಕಾಲಿನಿಂದ ಕಾಲಿಗೂ, ಕಾಲಿನಿಂದ ಡಬ್ಬಿಗೂ ಬರಬಾರದು. ಬಂದರೆ ಬಹುಪಾಲು ಡಬ್ಬಿಯ ಬುಡದಲ್ಲಿ ಸೀಸ ಹರಿದು ಕಾಲನ್ನು ಮುಟ್ಟಿರುತ್ತದೆ. ಕ್ರಿಸ್ಟಲನ್ನು ಬೋರ್ಡಿಗೆ ಅಂಟಿಸಿ ಕೂರಿಸದೆ, ಅರ್ಧ ಮಿಲಿಮೀಟರ್ ಎತ್ತಿ ಬೆಸೆದರೆ ಈ ಕಾಟವಿಲ್ಲ.

ಬೀಪ್ ಎಲ್ಲೂ ಇಲ್ಲ, ಸಿಗ್ನಲ್ಲೂ ಇಲ್ಲ ಎಂದಾದರೆ 10 ಸಾವಿರ ಪಿಎಫ್‌ನ ಒಂದು ಕೆಪಾಸಿಟರನ್ನು ಒಂದೊಂದೇ ಕ್ರಿಸ್ಟಲಿನ ಎರಡು ಕಾಲಿಗೆ ಅಡ್ಡಲಾಗಿ ತಾಗಿಸುತ್ತಾ ಹೋಗಿ. ಯಾವುದಕ್ಕೆ ತಾಗಿಸಿದಾಗ ಸಿಗ್ನಲ್ ಏಕಾಏಕಿ ಏರುತ್ತದೋ ಆ ಕ್ರಿಸ್ಟಲ್ ಅಥವಾ ಅದರ ಬೆಸುಗೆ ಹೋಗಿದೆ. ಕೆಳಗೆ ಬಿದ್ದ ಕ್ರಿಸ್ಟಲ್ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಒಳಗೆ ಬಿಲ್ಲೆ ಒಡೆದಿರಬಹುದು. ಆಸಿಲೇಟರಿನಲ್ಲಿ ಹಾಕಿ ನೋಡದೆ ಅದನ್ನು ಮತ್ತೆ ಬಳಸಬೇಡಿ.

ಅಗಲ ತಪ್ಪಿದೆ

ಮಾತು ಟೆಲಿಫೋನಿಗಿಂತ ಇಕ್ಕಟ್ಟಾಗಿದ್ದರೆ ಕೆಪಾಸಿಟರ್ ಹೆಚ್ಚಾಗಿದೆ. ಅಗಲ 4 ಕಿಲೋಹರ್ಟ್ಜ್ ಆಗಿ ಪಕ್ಕದ ಸ್ಟೇಶನ್ ನುಗ್ಗುತ್ತಿದ್ದರೆ ಕೆಪಾಸಿಟರ್ ಕಡಿಮೆಯಾಗಿದೆ. ಕೆಪಾಸಿಟರ್ ದುಪ್ಪಟ್ಟಾದರೆ ಅಗಲ ಅರ್ಧ, ಬೇಕಾದ ಟರ್ಮಿನೇಶನ್ನೂ ಅರ್ಧ.

ಇಲ್ಲಿ ಬಹಳ ಜನ ಎಡವುವುದು ಡಿಸ್ಕ್ ಕೆಪಾಸಿಟರಿನ ಮೇಲಿನ ಬರಹದಲ್ಲಿ. 820 ಎಂದು ಬರೆದಿದ್ದರೆ 82ರ ಮುಂದೆ ಒಂದೂ ಸೊನ್ನೆ ಸೇರಿಸಬಾರದು, ಅಂದರೆ 82 ಪಿಎಫ್. 821 ಇದ್ದರೆ 82ರ ಮುಂದೆ ಒಂದು ಸೊನ್ನೆ, 820 ಪಿಎಫ್. ಅಂಗಡಿಯ ಒಂದೇ ಡ್ರಾಯರಿನಲ್ಲಿ ಇವೆರಡೂ ಬೆರೆತಿರುವುದುಂಟು. 101 ಎಂದರೆ 100 ಪಿಎಫ್, 680 ಎಂದರೆ 68. ಬೆಸೆಯುವ ಮೊದಲು ಪ್ರತಿಯೊಂದನ್ನೂ ಅಳೆಯಿರಿ. ಅಗ್ಗದ ಕಾಂಪೊನೆಂಟ್ ಟೆಸ್ಟರ್ ಕೆಲವೇ ಪಿಎಫ್ ಬೆಲೆಯಲ್ಲಿ ನಂಬಿಕೆಗೆ ಅರ್ಹವಲ್ಲ, 4.7ರಂಥದ್ದನ್ನು ಒಂಟಿಯಾಗಿ ಅಳೆಯದೆ 68ರ ಜೊತೆ ಸಮಾನಾಂತರವಾಗಿ ಇಟ್ಟು ಒಟ್ಟು ಬೆಲೆ ನೋಡಿ.

ಬೆಲೆಯಷ್ಟೇ ಮುಖ್ಯ ಜಾತಿ. ಎನ್‌ಪಿ0, ಅಥವಾ ಸಿ0ಜಿ ಎಂದು ಕರೆಯುವ ಜಾತಿಯೇ ಬೇಕು. ಡಿಸ್ಕಿನ ನೆತ್ತಿಯ ಮೇಲೆ ಕಪ್ಪು ಬಣ್ಣ ಇದ್ದರೆ ಸಾಮಾನ್ಯವಾಗಿ ಎನ್‌ಪಿ0. ವೈ5ವಿಯಂಥ ಜಾತಿಯದು ಕೋಣೆಯ ಸೆಖೆಗೇ ತನ್ನ ಬೆಲೆ ಬದಲಿಸುತ್ತದೆ, ನಷ್ಟವೂ ಹೆಚ್ಚು. ಪರೀಕ್ಷೆ ಸರಳ: ಗ್ರಾಫ್ ನೋಡುತ್ತಾ ಹೇರ್ ಡ್ರೈಯರಿನ ಬೆಚ್ಚನೆ ಗಾಳಿಯನ್ನು ಅರ್ಧ ನಿಮಿಷ ಫಿಲ್ಟರಿಗೆ ಹಾಯಿಸಿ. ಪಾಸ್‌ಬ್ಯಾಂಡ್ ಕೆಲವು ಹತ್ತು ಹರ್ಟ್ಜ್ ಸರಿದರೆ ಚಿಂತೆಯಿಲ್ಲ. ಆಕಾರವೇ ಕೆಟ್ಟರೆ ಕೆಪಾಸಿಟರ್ ಜಾತಿ ಸರಿಯಿಲ್ಲ.

ತಾಮ್ರದ ಬೋರ್ಡಿನ ಮೇಲೆ ಪುಟ್ಟ ಪ್ಯಾಡ್ ಅಂಟಿಸಿ ಕಟ್ಟುವವರು ಪ್ಯಾಡಿನ ಕೆಪಾಸಿಟನ್ಸ್ ಮರೆಯಬಾರದು. 1.6 ಮಿಲಿಮೀಟರ್ ದಪ್ಪದ ಗ್ಲಾಸ್ ಎಪಾಕ್ಸಿಯ 8 ಮಿಲಿಮೀಟರ್ ಚೌಕಕ್ಕೆ ಸುಮಾರು ಒಂದೂವರೆ ಪಿಎಫ್ ಬರುತ್ತದೆ. 73ರಲ್ಲಿ ಇದು ಲೆಕ್ಕಕ್ಕಿಲ್ಲ. ಅಗಲವಾದ ಫಿಲ್ಟರಿಗೆ 20 ಪಿಎಫ್ ಹಾಕಬೇಕಾದಲ್ಲಿ ಲೆಕ್ಕಕ್ಕಿದೆ.

ಪಾಸ್‌ಬ್ಯಾಂಡಿನಲ್ಲಿ ಗುಡ್ಡ-ಹೊಂಡ

ಅತಿ ಹೆಚ್ಚು ಸಮಯ ತಿನ್ನುವ ದೋಷ ಇದು, ಕಾರಣಗಳು ನಾಲ್ಕೈದು. ಜಿಗ್ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಈ ಕ್ರಮದಲ್ಲಿ ನೋಡಿ.

ತುದಿಯ ಸರಣಿ ಕೆಪಾಸಿಟರ್ ಹಾಕಿದ್ದೀರಾ? ನಡುವಿನ ಕ್ರಿಸ್ಟಲ್‌ಗಳಿಗೆ ಎರಡೂ ಬದಿ ಒಂದೊಂದು ಕೆಪಾಸಿಟರ್ ಇರುತ್ತದೆ, ತುದಿಯದ್ದಕ್ಕೆ ಒಂದೇ ಬದಿ. ಆ ಕೊರತೆ ತುಂಬಲು ತುದಿಯ ಕ್ರಿಸ್ಟಲಿಗೆ ಸರಣಿಯಲ್ಲಿ ಅದೇ 73 ಪಿಎಫ್ ಬೇಕು. ಬಿಟ್ಟರೆ ತುದಿಯ ಮೆಶ್ (ಒಂದು ಕ್ರಿಸ್ಟಲ್ ಮತ್ತು ಅದರ ಪಕ್ಕದ ಕೆಪಾಸಿಟರ್‌ಗಳ ಸುತ್ತು) 800 ಹರ್ಟ್ಜ್‌ಗೂ ಹೆಚ್ಚು ಕೆಳಗೆ ಕೂರುತ್ತದೆ, ಪಾಸ್‌ಬ್ಯಾಂಡ್ ಮುರಿಯುತ್ತದೆ. ಸರಣಿ ಕೆಪಾಸಿಟರ್ ಬದಲು ತುದಿಯಲ್ಲಿ ಎರಡೆರಡು ಕ್ರಿಸ್ಟಲ್ ಸಮಾನಾಂತರ ಹಾಕುವ ಕ್ಯೂಇಆರ್ ಪದ್ಧತಿಯೂ ಇದೆ. ಅದನ್ನು ಅನುಸರಿಸಿದ್ದರೆ ಸರಣಿ ಕೆಪಾಸಿಟರ್ ಬೇಡ. ಎರಡನ್ನೂ ಬೆರೆಸಿದರೆ ಮತ್ತೆ ಕೆಡುತ್ತದೆ.

ಆಮೇಲೆ ಕ್ರಿಸ್ಟಲ್‌ಗಳ ಹೊಂದಾಣಿಕೆ. 2.4 ಕಿಲೋಹರ್ಟ್ಜ್ ಅಗಲಕ್ಕೆ ನಾಲ್ಕೂ 50 ಹರ್ಟ್ಜ್ ಒಳಗಿದ್ದರೆ ನಿಶ್ಚಿಂತೆ, 200 ದಾಟಿದರೆ ಗುಡ್ಡ ಏಳುವುದು ಖಂಡಿತ. 500 ಹರ್ಟ್ಜ್‌ನ ಸಿಡಬ್ಲ್ಯೂ ಫಿಲ್ಟರಿಗೆ 10–20 ಹರ್ಟ್ಜ್ ಒಳಗೆ ಬೇಕು. ಬೆಂಗಳೂರಿನ ಎಸ್‌ಪಿ ರೋಡಿನಿಂದಲೋ ಆನ್‌ಲೈನಿನಲ್ಲೋ ತರಿಸುವಾಗ ಒಂದೇ ಬ್ಯಾಚಿನ 20 ತರಿಸಿ, ನಾಲ್ಕು ಆರಿಸುವುದು ವಾಸಿ. ಉಳಿದವು ಬಿಎಫ್‌ಓಗೂ ಮುಂದಿನ ಫಿಲ್ಟರಿಗೂ ಆಗುತ್ತವೆ.

ಅಳೆಯಲು ಬಿಸಿ547 ಹಾಕಿದ ಕಾಲ್ಪಿಟ್ಸ್ ಆಸಿಲೇಟರ್, 470 ಪಿಎಫ್ ಎರಡು, ಒಂದು ಫ್ರೀಕ್ವೆನ್ಸಿ ಕೌಂಟರ್ ಸಾಕು. ಆಸಿಲೇಟರನ್ನು ಹತ್ತು ನಿಮಿಷ ಬೆಚ್ಚಗಾಗಲು ಬಿಡಿ. ಎಲ್ಲಾ ಕ್ರಿಸ್ಟಲನ್ನೂ ಅದೇ ಮೇಜಿನ ಮೇಲೆ ಅರ್ಧ ಗಂಟೆ ಹರಡಿಡಿ. ಬೆರಳಲ್ಲಿ ಹಿಡಿದು ಸಿಕ್ಕಿಸಿದ ಕೂಡಲೇ ಓದಬೇಡಿ: ಕೈಯ ಬಿಸಿಗೆ ಕೌಂಟರಿನ ಕೊನೆಯ ಅಂಕಿಗಳು ಮೆಲ್ಲಗೆ ಓಡುತ್ತಿರುವುದು ಕಣ್ಣಿಗೇ ಕಾಣುತ್ತದೆ. ಚಿಮುಟದಲ್ಲಿ ಹಿಡಿದು ಸಿಕ್ಕಿಸಿ, ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ತಲೆಯ ಮೇಲಿನ ಫ್ಯಾನ್ ಆರಿಸಿ. ಏಪ್ರಿಲ್ ಸೆಖೆಯಲ್ಲಿ ಇದು ಕಷ್ಟವೇ, ಆದರೆ ಇಪ್ಪತ್ತು ನಿಮಿಷದ ಮಾತು.

ಫ್ರೀಕ್ವೆನ್ಸಿ ಹೊಂದಿದರಷ್ಟೇ ಸಾಲದು. ಹಳೆ ಕಲರ್ ಟಿವಿಗಳಿಂದ ಬಿಚ್ಚಿದ 4.433 ಮೆಗಾಹರ್ಟ್ಜ್ ಕ್ರಿಸ್ಟಲ್‌ಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ: ಬೇರೆ ಬೇರೆ ಕಂಪನಿಯವು ಒಂದೇ ಫ್ರೀಕ್ವೆನ್ಸಿ ತೋರಿಸಿದರೂ ಒಳಗಿನ ಇಂಡಕ್ಟನ್ಸ್ ಬೇರೆಯಿರುತ್ತದೆ. ಅದನ್ನು ಅಳೆಯುವುದು ಹೀಗೆ. ಅದೇ ಆಸಿಲೇಟರಿನಲ್ಲಿ ಕ್ರಿಸ್ಟಲಿಗೆ ಸರಣಿಯಾಗಿ 33 ಪಿಎಫ್ ಇಟ್ಟು, ಅದನ್ನು ಶಾರ್ಟ್ ಮಾಡುವ ಸ್ವಿಚ್ ಹಾಕಿ. ಸ್ವಿಚ್ ತೆರೆದಾಗ ಫ್ರೀಕ್ವೆನ್ಸಿ ಎಷ್ಟು ಏರಿತೋ ನೋಡಿ. 33ಕ್ಕೆ ಕ್ರಿಸ್ಟಲಿನ 3.5 ಸೇರಿಸಿ, 2ರಿಂದ ಗುಣಿಸಿ, ಏರಿದ ಹರ್ಟ್ಜ್‌ನಿಂದ ಗುಣಿಸಿ, ಕ್ರಿಸ್ಟಲ್ ಫ್ರೀಕ್ವೆನ್ಸಿಯಿಂದ ಭಾಗಿಸಿ. 1690 ಹರ್ಟ್ಜ್ ಏರಿದ್ದರೆ ಮೋಷನಲ್ ಕೆಪಾಸಿಟನ್ಸ್ 0.0123 ಪಿಎಫ್ ಎಂದಾಯಿತು. ಹ್ಯಾಮ್‌ಗಳ ನಡುವೆ ಇದು ಜಿ3ಯುಯುಆರ್ ವಿಧಾನ ಎಂದೇ ಹೆಸರಾಗಿದೆ. ಈ ಏರಿಕೆ ನಾಲ್ಕರಲ್ಲೂ ಹತ್ತಿರ ಹತ್ತಿರ ಇರಬೇಕು. ಒಂದರಲ್ಲಿ 1690, ಇನ್ನೊಂದರಲ್ಲಿ 1300 ಬಂದರೆ ಅವೆರಡು ಒಂದೇ ಫಿಲ್ಟರಿನಲ್ಲಿ ಕೂರುವಂಥವಲ್ಲ.

ಸಿಕ್ಕಿದ ನಾಲ್ಕರಲ್ಲಿ ಒಂದು 50–60 ಹರ್ಟ್ಜ್ ಕೆಳಗಿದ್ದರೆ ಬಿಸಾಡುವುದು ಬೇಡ. ಅದನ್ನು ತುದಿಗೆ ಹಾಕಿ. ತುದಿಯ ಸರಣಿ ಕೆಪಾಸಿಟರ್ 1 ಪಿಎಫ್ ಕಡಿಮೆ ಮಾಡಿದರೆ ಆ ಮೆಶ್ ಸುಮಾರು 11 ಹರ್ಟ್ಜ್ ಮೇಲೇರುತ್ತದೆ. 73ರ ಬದಲು 68 ಹಾಕಿದರೆ 55ರಿಂದ 60 ಹರ್ಟ್ಜ್ ಸಿಕ್ಕಿತು. ನಡುವಿನ ಕ್ರಿಸ್ಟಲಿಗೆ ಈ ಅನುಕೂಲವಿಲ್ಲ.

ಇಷ್ಟಾದರೂ ಹೊಂಡ ಉಳಿದರೆ ಯಾವ ಜಾಯಿಂಟ್‌ನಲ್ಲಿ ತಪ್ಪಿದೆಯೆಂದು ಹುಡುಕಬೇಕು. 4.7 ಪಿಎಫ್ ಕೆಪಾಸಿಟರಿನ ಒಂದು ಕಾಲನ್ನು ನೆಲಕ್ಕೆ ಬೆಸೆದ ತಂತಿಗೆ ಸೇರಿಸಿ, ಪ್ಲಾಸ್ಟಿಕ್ ಚಿಮುಟದಲ್ಲಿ ಹಿಡಿದು, ಇನ್ನೊಂದು ಕಾಲನ್ನು ಒಂದೊಂದೇ ಜಾಯಿಂಟ್‌ಗೆ ತಾಗಿಸಿ. ಎಲ್ಲಾ ಕಡೆ ಗ್ರಾಫ್ ಕೆಡಬೇಕು. ಒಂದು ಕಡೆ ಮಾತ್ರ ಸುಧಾರಿಸಿದರೆ ಅಲ್ಲಿಯ ಕೆಪಾಸಿಟರ್ ಕಡಿಮೆ ಬೆಲೆಯದ್ದು, ಅಥವಾ ಅದರ ನೆಲದ ಬೆಸುಗೆ ಹಿಡಿದಿಲ್ಲ. ಫಿಲ್ಟರನ್ನು ತಿರುಗಿಸಿ ಹಾಕಿ ನೋಡಿದರೆ ತಿಳಿಯುತ್ತದೆ ಎಂದು ಕೆಲವರು ಹೇಳುವುದುಂಟು. ಹಾದುಹೋಗುವ ಸಿಗ್ನಲಿನ ಗ್ರಾಫ್, ಎಸ್21, ಯಾವ ಕಡೆಯಿಂದ ನೋಡಿದರೂ ಒಂದೇ. ಅದರಿಂದ ಏನೂ ತಿಳಿಯದು. ತಿರುಗಿಸುವುದಾದರೆ ಎಸ್11ನ (ಹಿಂದಿರುಗುವ ಸಿಗ್ನಲಿನ) ಸ್ಮಿತ್ ಚಾರ್ಟ್ ನೋಡಿ. ಸರಿಯಾದ ಫಿಲ್ಟರ್ ಎಡಬಲ ಒಂದೇ ರೀತಿ ಇರುವುದರಿಂದ ಎರಡು ಕಡೆಯ ಸುರುಳಿಯೂ ಒಂದರ ಮೇಲೊಂದು ಕೂರಬೇಕು. ಕೂರದಿದ್ದರೆ ಫಿಲ್ಟರಿನ ಒಂದು ಅರ್ಧ ಇನ್ನೊಂದಕ್ಕೆ ಹೊಂದುತ್ತಿಲ್ಲ.

ಜಿಗ್‌ನಲ್ಲಿ ಸೊಗಸು, ರಿಗ್‌ನಲ್ಲಿ ಕೆಟ್ಟದ್ದು

ಹೀಗಾದರೆ ತಪ್ಪು ಫಿಲ್ಟರಿನದ್ದಲ್ಲ. ಅದರ ಹಿಂದೆ ಮುಂದೆ ಇರುವ ಆಂಪ್ಲಿಫಯರ್ ಅಥವಾ ಮಿಕ್ಸರ್ 200 ಓಮ್ ತೋರಿಸುತ್ತಿಲ್ಲ. ಡಯೋಡ್ ಮಿಕ್ಸರ್ ಎಲ್ಲಾ ಫ್ರೀಕ್ವೆನ್ಸಿಯಲ್ಲೂ ಒಂದೇ ಇಂಪೀಡನ್ಸ್ ತೋರಿಸುವುದಿಲ್ಲ. ಫಿಲ್ಟರೂ ಪಾಸ್‌ಬ್ಯಾಂಡಿನ ಹೊರಗೆ ಬಂದದ್ದನ್ನೆಲ್ಲ ಹಿಂದಕ್ಕೆ ಎಸೆಯುತ್ತದೆ. ಫಿಲ್ಟರಿನ ಎರಡೂ ಬದಿ 200 ಓಮ್‌ಗೆ ಲೆಕ್ಕ ಹಾಕಿದ 6 ಡಿಬಿ ಪ್ಯಾಡ್ (ಸಿಗ್ನಲ್ ಇಳಿಸುವ ರೆಸಿಸ್ಟರ್ ಜೋಡಣೆ) ತಾತ್ಕಾಲಿಕವಾಗಿ ಹಾಕಿ ಕೇಳಿ. ಧ್ವನಿ ಕ್ಷೀಣವಾದರೂ ಮೂಗುತನ ಹೋಯಿತೆಂದರೆ ರೋಗ ಸಿಕ್ಕಿತು. ಒಂದು ಬದಿಯ ಪ್ಯಾಡ್ ತೆಗೆದಾಗ ಮತ್ತೆ ಕೆಟ್ಟರೆ ಆ ಬದಿಯ ಹಂತವನ್ನು ಸರಿಪಡಿಸಿ. ಟ್ರಾನ್ಸ್‌ಫಾರ್ಮರ್ ಬಳಸಿದ್ದರೆ ಸುತ್ತುಗಳನ್ನು ಎಣಿಸಿ ನೋಡಿ. ಬೈಫೈಲರ್ ಸುತ್ತಿದ ಎರಡು ತಂತಿಯಲ್ಲಿ ಒಂದನ್ನು ತಲೆಕೆಳಗಾಗಿ ಜೋಡಿಸಿದರೆ 1:4 ಆಗದೆ ಸಿಗ್ನಲ್ ಒಂದನ್ನೊಂದು ಕಡಿದುಹಾಕುತ್ತದೆ.

ಪಕ್ಕದಿಂದ ಸೋರುವ ಸಿಗ್ನಲ್

ಪಾಸ್‌ಬ್ಯಾಂಡ್ ಚೆನ್ನ, ಆದರೆ ಹೊರಗೆ 35–40 ಡಿಬಿಗಿಂತ ಕೆಳಗೆ ಇಳಿಯುವುದೇ ಇಲ್ಲ. ರಿಸೀವರಿನಲ್ಲಿ ಇದು ಹಿನ್ನೆಲೆಯಲ್ಲಿ ಸುಯ್ ಎನ್ನುವ ಗದ್ದಲವಾಗಿ, ಬಲವಾದ ಸ್ಟೇಶನಿನ ಎದುರು ಬದಿಯ ಮಾತಾಗಿ ಕೇಳುತ್ತದೆ. ಸಿಗ್ನಲ್ ಫಿಲ್ಟರಿನ ಒಳಗಿನಿಂದ ಹೋಗದೆ ಸುತ್ತಿ ಬರುತ್ತಿದೆ.

ಖಾತ್ರಿ ಮಾಡಲು ನಡುವಿನ ಒಂದು ಕ್ರಿಸ್ಟಲಿನ ಒಂದು ಕಾಲು ಎಬ್ಬಿಸಿ. ದಾರಿ ತುಂಡಾಯಿತು. ಈಗಲೂ ಗ್ರಾಫಿನ ನೆಲ ಮೊದಲಿದ್ದಲ್ಲೇ ಇದ್ದರೆ, ಆ ಉಳಿದದ್ದಷ್ಟೂ ಸೋರಿಕೆ. ಎಷ್ಟು ಸಣ್ಣ ಸಂದು ಸಾಕೆಂದರೆ, ಇನ್‌ಪುಟ್‌ನಿಂದ ಔಟ್‌ಪುಟ್‌ಗೆ 0.1 ಪಿಎಫ್ ಇದ್ದರೆ 200 ಓಮ್ ವ್ಯವಸ್ಥೆಯಲ್ಲಿ 52 ಡಿಬಿಗಿಂತ ಕೆಳಗೆ ಹೋಗಲು ಸಾಧ್ಯವೇ ಇಲ್ಲ. ಸ್ಥಳ ಉಳಿಸಲು ಫಿಲ್ಟರನ್ನು ಯು ಆಕಾರದಲ್ಲಿ ಬಗ್ಗಿಸಿದರೆ ಅಷ್ಟು ಬಂದೇ ಬರುತ್ತದೆ. ಸಾಲು ನೇರವಾಗಿರಲಿ, ಇನ್‌ಪುಟ್ ಒಂದು ಕೊನೆ, ಔಟ್‌ಪುಟ್ ಇನ್ನೊಂದು ಕೊನೆ.

ಡಬ್ಬಿಗಳನ್ನು ನೆಲಕ್ಕೆ ಸೇರಿಸದಿದ್ದರೆ ಒಂದು ಡಬ್ಬಿ ಪಕ್ಕದ್ದಕ್ಕೆ ಸಿಗ್ನಲ್ ದಾಟಿಸುತ್ತದೆ. ಸೇರಿಸುವಾಗ ತೆಳು ತಂತಿ ಬಳಸಿ. ಡಬ್ಬಿಯನ್ನು ಮೊದಲು ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ ಫ್ಲಕ್ಸ್ ಹಚ್ಚಿ, ದಪ್ಪ ತುದಿಯ ಕಾದ ಐರನ್ನಿನಿಂದ ಎರಡು ಸೆಕೆಂಡಿನಲ್ಲಿ ಮುಗಿಸಿ. ಸಪೂರ ತುದಿಯ ಐರನ್ ಹಿಡಿದು ಹತ್ತು ಸೆಕೆಂಡ್ ಒತ್ತಿದರೆ ಬಿಸಿ ಒಳಗೆ ಹೋಗುತ್ತದೆ, ಫ್ರೀಕ್ವೆನ್ಸಿ ಜರುಗಬಹುದು. ಫಿಲ್ಟರಿನ ಮುಂದಿನ ಮತ್ತು ಹಿಂದಿನ ಹಂತ ಒಂದೇ ನೆಲದ ತಂತಿಯನ್ನು ಹಂಚಿಕೊಂಡಿದ್ದರೂ ಸೋರಿಕೆ ಆಗುತ್ತದೆ. ಪೂರ್ತಿ ತಾಮ್ರದ ನೆಲ ಇರುವ ಬೋರ್ಡ್ ಇದಕ್ಕೇ ಒಳ್ಳೆಯದು.

ಮುಖ್ಯ ಪಾಸ್‌ಬ್ಯಾಂಡಿಗಿಂತ ಹತ್ತಾರು ಕಿಲೋಹರ್ಟ್ಜ್‌ನಿಂದ ಒಂದೆರಡು ನೂರು ಕಿಲೋಹರ್ಟ್ಜ್ ಮೇಲೆ ಒಂಟಿ ಮುಳ್ಳಿನಂತೆ ಏನಾದರೂ ಕಂಡರೆ ಅದು ಸೋರಿಕೆಯಲ್ಲ, ಕ್ರಿಸ್ಟಲಿನ ಹುಟ್ಟುಗುಣ. ನಾಲ್ಕು ಕ್ರಿಸ್ಟಲಿನ ಮುಳ್ಳು ಒಂದೇ ಜಾಗದಲ್ಲಿ ಬೀಳದಿದ್ದರೆ ತೊಂದರೆಯಿಲ್ಲ.

ನಷ್ಟ ಹೆಚ್ಚು

6 ಡಿಬಿ, 8 ಡಿಬಿ ನಷ್ಟ, ಜೊತೆಗೆ ಪಾಸ್‌ಬ್ಯಾಂಡಿನ ಭುಜಗಳು ಜಾರಿದ್ದರೆ ಕ್ರಿಸ್ಟಲಿನ ಕ್ಯೂ (ಒಳನಷ್ಟ ಎಷ್ಟು ಕಡಿಮೆ ಎನ್ನುವ ಅಂಕಿ) ಸಾಲದು ಅಥವಾ ಕೆಪಾಸಿಟರ್ ಕೆಟ್ಟ ಜಾತಿಯದ್ದು. ಸಿಡಬ್ಲ್ಯೂ ಫಿಲ್ಟರನ್ನು 10 ಮೆಗಾಹರ್ಟ್ಜ್‌ನಲ್ಲಿ 400 ಹರ್ಟ್ಜ್ ಅಗಲಕ್ಕೆ ಕಟ್ಟಿದರೆ ಒಂದು ಲಕ್ಷ ಕ್ಯೂ ಇರುವ ಕ್ರಿಸ್ಟಲಿನಲ್ಲೂ 6 ಡಿಬಿ ಆಸುಪಾಸು ಹೋಗುತ್ತದೆ. ಅದು ಕಟ್ಟಿದವರ ತಪ್ಪಲ್ಲ. ಅಷ್ಟು ಕಿರಿದು ಬೇಕಾದರೆ 4.9152 ಅಥವಾ 5 ಮೆಗಾಹರ್ಟ್ಜ್ ಕ್ರಿಸ್ಟಲಿಗೆ ಇಳಿಯಿರಿ.

ಬಿಎಫ್‌ಓ, ಮತ್ತು ಮಳೆಗಾಲ

ಫಿಲ್ಟರ್ ಎಷ್ಟು ಚೆನ್ನಾಗಿದ್ದರೂ ಬಿಎಫ್‌ಓ ತಪ್ಪಿದ ಜಾಗದಲ್ಲಿದ್ದರೆ ಮಾತು ಕೆಡುತ್ತದೆ. ಪಾಸ್‌ಬ್ಯಾಂಡಿನ ಅಂಚಿನಿಂದ ಸುಮಾರು 300 ಹರ್ಟ್ಜ್ ಹೊರಗೆ ಅದು ಕೂರಬೇಕು. ಒಳಗೆ ಬಂದರೆ ಧ್ವನಿ ಗುಂಯ್‌ಗುಡುತ್ತದೆ, ಎದುರು ಸೈಡ್‌ಬ್ಯಾಂಡ್ ಕೇಳುತ್ತದೆ, ಟ್ರಾನ್ಸ್‌ಮಿಟ್‌ನಲ್ಲಿ ಕ್ಯಾರಿಯರ್ ಸೋರುತ್ತದೆ. ಹೊರಗೆ ದೂರ ಹೋದರೆ ಧ್ವನಿ ತೆಳ್ಳಗೆ, ಕೀರಲಾಗುತ್ತದೆ. ಪರೀಕ್ಷೆಗೆ ಸಿಗ್ನಲ್ ಜನರೇಟರಿನ ಒಂದು ಕ್ಯಾರಿಯರನ್ನು ಝೀರೋ ಬೀಟ್‌ನ (ಸ್ವರ ಇಳಿದು ಸೊನ್ನೆಯಾಗುವ ಜಾಗದ) ಈ ಕಡೆಯಿಂದ ಆ ಕಡೆಗೆ ಟ್ಯೂನ್ ಮಾಡಿ. ಒಂದು ಬದಿಯಲ್ಲಿ ಜೋರು, ಇನ್ನೊಂದು ಬದಿಯಲ್ಲಿ ಬಹುತೇಕ ಇಲ್ಲ ಎಂದಾಗಬೇಕು. ಎರಡೂ ಬದಿ ಸಮ ಕೇಳಿದರೆ ಬಿಎಫ್‌ಓ ಪಾಸ್‌ಬ್ಯಾಂಡಿನ ಒಳಗಿದೆ. ಕಡಿದಾದ ಬದಿ ಮೇಲಿನದ್ದಾದ್ದರಿಂದ ಕ್ಯಾರಿಯರನ್ನು ಅಲ್ಲಿಡುವುದು ಲಾಭ. ಅದಕ್ಕೆ ಬಿಎಫ್‌ಓ ಕ್ರಿಸ್ಟಲಿಗೆ ಸರಣಿ ಟ್ರಿಮ್ಮರ್ (ತಿರುಗಿಸಿ ಬೆಲೆ ಬದಲಿಸುವ ಕೆಪಾಸಿಟರ್) ಸಾಕು. ಕೆಳಗಿನ ಅಂಚಿಗೆ ಇಳಿಸಬೇಕಾದರೆ ಸರಣಿ ಕಾಯಿಲ್ ಬೇಕು, ಟ್ರಿಮ್ಮರಿನಿಂದ ಆಗದು.

ಕರಾವಳಿಯ ದೊಡ್ಡ ದೂರು ಇಲ್ಲೇ ಬರುವುದು. ಪತ್ತನಾಜೆಯವರೆಗೆ (ಮೇ ಕೊನೆಯವರೆಗೆ) ಚೆನ್ನಾಗಿದ್ದ ರಿಗ್ ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ದನಿ ಬದಲಿಸುತ್ತದೆ, ಫಿಲ್ಟರ್ ಹಾಳಾಯಿತೆಂದು ಬಿಚ್ಚುತ್ತಾರೆ. ಲೆಕ್ಕ ನೋಡಿ. ಫಿಲ್ಟರಿನ 73 ಪಿಎಫ್‌ನಲ್ಲಿ 1 ಪಿಎಫ್ ಬದಲಾದರೆ 11 ಹರ್ಟ್ಜ್. ಬಿಎಫ್‌ಓದಲ್ಲಿ 20 ಪಿಎಫ್‌ಗೆ ತಿರುಗಿಸಿಟ್ಟ ಟ್ರಿಮ್ಮರ್ 1 ಪಿಎಫ್ ಬದಲಾದರೆ 110 ಹರ್ಟ್ಜ್. ತೇವಕ್ಕೆ ಮೊದಲು ಜರುಗುವುದು ಆ ತೆರೆದ ಪ್ಲಾಸ್ಟಿಕ್ ಟ್ರಿಮ್ಮರ್. ಮಲ್ಪೆ, ಪಣಂಬೂರು, ಉಳ್ಳಾಲದಂತೆ ಕಡಲ ಬದಿಯ ಮನೆಗಳಲ್ಲಿ ಉಪ್ಪು ಗಾಳಿಯೂ ಸೇರಿ ಅದರ ತಿರುಗುವ ಸಂಪರ್ಕವೇ ಕಪ್ಪಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಧ್ವನಿ ಬದಲಾದರೆ ಮೊದಲು ಬಿಎಫ್‌ಓ ಫ್ರೀಕ್ವೆನ್ಸಿ ಅಳೆಯಿರಿ. ಬೇಕಾದ ಬೆಲೆ ಗೊತ್ತಾದ ಮೇಲೆ ಟ್ರಿಮ್ಮರ್ ತೆಗೆದು ಎನ್‌ಪಿ0 ಕೆಪಾಸಿಟರ್ ಖಾಯಂ ಬೆಸೆಯಿರಿ, ಇಲ್ಲವೇ ಎಸ್‌ಐ5351 ಚಿಪ್ಪಿನಿಂದ ಬಿಎಫ್‌ಓ ಪಡೆಯಿರಿ.

ಫಿಲ್ಟರಿಗೆ ಮಳೆ ಏನೂ ಮಾಡುವುದಿಲ್ಲವೆಂದಲ್ಲ. ಕಂದು ಬಣ್ಣದ ಹೈಲಂ ಬೋರ್ಡ್ ತೇವ ಹೀರುತ್ತದೆ. ತೊಳೆಯದ ಫ್ಲಕ್ಸ್ ಅಂಟಂಟಾಗಿ ಜಾಯಿಂಟ್‌ನಿಂದ ನೆಲಕ್ಕೆ ಸೋರಿಕೆ ಮಾಡುತ್ತದೆ. 20 ಕಿಲೋಓಮ್ ಸೋರಿಕೆ ಆಯಿತೆಂದರೆ ಆ ಮೆಶ್‌ಗೆ 2 ಓಮ್‌ಗಿಂತ ಹೆಚ್ಚು ರೆಸಿಸ್ಟನ್ಸ್ ಸೇರಿಸಿದಂತೆ; ಕ್ರಿಸ್ಟಲಿನದ್ದೇ 10 ಓಮ್ ಇರುವಲ್ಲಿ ಇದು ನಷ್ಟದಲ್ಲಿ ಕಾಣುತ್ತದೆ. ಗ್ಲಾಸ್ ಎಪಾಕ್ಸಿ ಬೋರ್ಡಿನಲ್ಲೇ ಕಟ್ಟಿ. ಬೆಸುಗೆ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆ ಹಲ್ಲುಜ್ಜುವ ಬ್ರಶ್‌ನಿಂದ ಎರಡು ಸಲ ತೊಳೆಯಿರಿ. ಮೊದಲ ಸಲ ಫ್ಲಕ್ಸ್ ಕರಗಿ ಹರಡುತ್ತದೆ ಅಷ್ಟೇ, ಎರಡನೇ ಸಲಕ್ಕೆ ಹೋಗುತ್ತದೆ. ಒಂದು 40 ವ್ಯಾಟ್ ಬಲ್ಬಿನ ಬಳಿ ಒಂದೆರಡು ಗಂಟೆ ಒಣಗಿಸಿ. ಡಬ್ಬಿಯ ಅರ್ಥಿಂಗ್ ಬೆಸುಗೆಯ ಸುತ್ತ ಉಜ್ಜಿದ ಜಾಗ ತುಕ್ಕು ಹಿಡಿದಿದ್ದರೆ ಕೆರೆದು ಮತ್ತೆ ಬೆಸೆಯಿರಿ, ಮೇಲೆ ತೆಳ್ಳಗೆ ವಾರ್ನಿಶ್ ಹಚ್ಚಿ. ಇಡೀ ಫಿಲ್ಟರನ್ನು ತಗಡಿನ ಪೆಟ್ಟಿಗೆಯಲ್ಲಿ ಮುಚ್ಚಿದರೆ ಸೋರಿಕೆಗೂ ತೇವಕ್ಕೂ ಒಂದೇ ಮದ್ದು. ಮುಚ್ಚಳ ಬೆಸೆಯುವ ಮೊದಲು ಕೆಪಾಸಿಟರ್ ಬೆಲೆ, ಟರ್ಮಿನೇಶನ್ ಓಮ್, ಪಾಸ್‌ಬ್ಯಾಂಡಿನ ಎರಡು ಅಂಚು, ಬಿಎಫ್‌ಓ ಫ್ರೀಕ್ವೆನ್ಸಿ, ಇವಿಷ್ಟನ್ನು ಮುಚ್ಚಳದ ಹೊರಮೈ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಬರೆಯಿರಿ. ಆರಿಸಿ ಉಳಿದ ಕ್ರಿಸ್ಟಲ್‌ಗಳಿಗೂ ಅಳೆದ ಫ್ರೀಕ್ವೆನ್ಸಿಯ ಚೀಟಿ ಅಂಟಿಸಿ, ಹಪ್ಪಳ ಸಂಡಿಗೆ ಇಡುವಂಥ ಗಾಳಿಯಾಡದ ಡಬ್ಬದಲ್ಲಿ ಒಂದು ಪೊಟ್ಟಣ ಸಿಲಿಕಾ ಜೆಲ್ ಜೊತೆ ಹಾಕಿಡಿ.